ಬಯಾಪ್ಸಿ ಚೂರಿಗೆ ಬೆಳಕು ಹೊಗಿಸುವವರು

"ಬಯಾಪ್ಸಿ ಕೊಟ್ಟಾಯ್ತಲ್ಲ, ರಿಪೋರ್ಟ್ ಯಾವಾಗ ಬರುತ್ತೆ?"

ಆಸ್ಪತ್ರೆಯ ಲ್ಯಾಬ್ ಕೌಂಟರಿನಲ್ಲಿ ದಿನವಿಡೀ ಕೇಳಿಬರುವ ಪ್ರಶ್ನೆ ಇದು. ರಕ್ತದ ಸಕ್ಕರೆ ಎಷ್ಟೆಂದು ಗಂಟೆಯೊಳಗೆ ತಿಳಿಯುತ್ತದೆ. ಎಕ್ಸ್‌ರೇ ಅಂತೂ ಕೈಯಲ್ಲಿ ಹಿಡಿದುಕೊಂಡೇ ಹೊರಬರಬಹುದು. ಕಡಲೆಕಾಳಿನಷ್ಟು ಮಾಂಸದ ಚೂರನ್ನು ನೋಡಿ ಹೇಳುವುದಕ್ಕೆ ಮೂರು ನಾಲ್ಕು ದಿನ ಏಕೆ? ಅಮ್ಮನ ಎದೆಯ ಗಂಟೋ ಅಣ್ಣನ ಬಾಯಿಯ ಹುಣ್ಣೋ ಏನೆಂದು ತಿಳಿಯದೆ ಕಾಯುವವರಿಗೆ ಆ ದಿನಗಳು ಎಷ್ಟು ಉದ್ದ ಎಂಬುದು ಕಾದವರಿಗೇ ಗೊತ್ತು.

ಆ ದಿನಗಳಲ್ಲಿ ಬಹುಪಾಲು ಹೊತ್ತು ಪ್ಯಾಥಾಲಜಿಸ್ಟ್ ಆ ಚೂರನ್ನು ನೋಡುತ್ತಿರುವುದಿಲ್ಲ. ಸ್ಲೈಡ್ ಮುಂದೆ ಬಂದ ಮೇಲೆ ಸರಳವಾದ ಕೇಸಾದರೆ ಕೆಲವೇ ನಿಮಿಷ ಸಾಕು. ಉಳಿದ ಹೊತ್ತೆಲ್ಲ ಹೋಗುವುದು ಆ ಚೂರನ್ನು ನೋಡಲು ಬರುವಂತೆ ಮಾಡುವುದಕ್ಕೆ. ದೇಹದಿಂದ ತೆಗೆದ ಮಾಂಸವನ್ನು ಹಾಗೆಯೇ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾಣುವುದು ಬರೀ ಕತ್ತಲೆ. ಬೆಳಕು ಅದರೊಳಗೆ ಹಾದು ಬರುವುದೇ ಇಲ್ಲ. ಅದನ್ನು ಮೂರು ನಾಲ್ಕು ಮೈಕ್ರಾನಿನಷ್ಟು, ಎಂದರೆ ಕೂದಲೆಳೆಯ ದಪ್ಪದ ಇಪ್ಪತ್ತರಲ್ಲೊಂದು ಪಾಲಿನಷ್ಟು ತೆಳ್ಳಗೆ ಸೀಳಬೇಕು. ಹಸಿ ಮಾಂಸವನ್ನು ಅಷ್ಟು ತೆಳ್ಳಗೆ ಸೀಳಲು ಹೋದರೆ ಅದು ಬ್ಲೇಡಿಗೆ ಸಿಕ್ಕಿ ಮುದ್ದೆಯಾಗುತ್ತದೆ. ಹಾಗಾಗಿ ಅದರ ಒಳಹೊರಗೆ ಮೇಣ ತುಂಬಿ ಗಟ್ಟಿ ಮಾಡಬೇಕು. ಅಂಗಾಂಶದಲ್ಲಿ ಮುಕ್ಕಾಲು ಪಾಲು ನೀರು. ಮೇಣಕ್ಕೂ ನೀರಿಗೂ ಆಗಿಬರುವುದಿಲ್ಲ. ಮೊದಲು ಆಲ್ಕೊಹಾಲಿನಿಂದ ನೀರು ಹೋಗಬೇಕು, ಆಮೇಲೆ ಮೇಣ ಬರಬೇಕು, ನಡುವೆ ಆ ಆಲ್ಕೊಹಾಲಿಗೂ ಮೇಣಕ್ಕೂ ಹೊಂದುವ ಇನ್ನೊಂದು ದ್ರವ ಬೇಕು. ಲ್ಯಾಬಿನವರು 'ಕ್ಲಿಯರಿಂಗ್' ಎನ್ನುವುದು ಈ ನಡುವಿನ ಹಂತಕ್ಕೆ. ನಮ್ಮಲ್ಲಿ ಆ ದ್ರವ ಬಹುಮಟ್ಟಿಗೆ ಝೈಲೀನ್.

ಮೊದಲ ಹಂತಗಳನ್ನು ಬೇಗ ಹೇಳಿಬಿಡುತ್ತೇನೆ. ಆಪರೇಷನ್ ಥಿಯೇಟರಿನಲ್ಲೇ ಚೂರು ಫಾರ್ಮಲಿನ್ ಸೇರುತ್ತದೆ. ಕೊಳೆಯುವುದು ಅಲ್ಲಿಗೆ ನಿಲ್ಲುತ್ತದೆ, ಜೀವಕೋಶಗಳು ಇದ್ದ ಹಾಗೆಯೇ ಸ್ಥಿರವಾಗುತ್ತವೆ. ಫಾರ್ಮಾಲ್ಡಿಹೈಡಿಗೆ ಈ ಗುಣವಿದೆಯೆಂದು 1893ರಲ್ಲಿ ಕಂಡುಕೊಂಡವರು ಜರ್ಮನಿಯ ಫರ್ಡಿನಾಂಡ್ ಬ್ಲೂಮ್. ಫಾರ್ಮಲಿನ್ ಒಳಗಿಳಿಯುವ ವೇಗ ಗಂಟೆಗೆ ಸುಮಾರು ಒಂದು ಮಿಲಿಮೀಟರ್ ಮಾತ್ರ, ಆಳಕ್ಕೆ ಹೋದಂತೆ ಇನ್ನೂ ನಿಧಾನ. ದೊಡ್ಡ ಗಡ್ಡೆಯಾದರೆ ಕುಯ್ದು, ಒಂದು ರಾತ್ರಿ ನೆನೆಯಬಿಟ್ಟು, ಮರುದಿನ ಮೂರು ನಾಲ್ಕು ಮಿಲಿಮೀಟರ್ ದಪ್ಪದ ಬಿಲ್ಲೆಗಳನ್ನು ತೆಗೆಯುತ್ತಾರೆ. ಇದಕ್ಕೆ 'ಗ್ರಾಸಿಂಗ್' ಎನ್ನುತ್ತಾರೆ. ಬಿಲ್ಲೆ ತೂತುತೂತಿನ ಪ್ಲಾಸ್ಟಿಕ್ ಕ್ಯಾಸೆಟ್‌ನೊಳಗೆ ಕೂರುತ್ತದೆ. ಕ್ಯಾಸೆಟ್ ಮೇಲೆ ಪೆನ್ಸಿಲ್‌ನಲ್ಲಿ ನಂಬರ್. ಪೆನ್ನಿನ ಶಾಯಿ ಮುಂದಿನ ದ್ರವಗಳಲ್ಲಿ ಕರಗಿಹೋಗುವುದರಿಂದ ಪೆನ್ಸಿಲ್ಲೇ ಆಗಬೇಕು. ಆ ನಂಬರ್ ಅಳಿಸಿದರೆ ಒಬ್ಬರ ಬದುಕು ಇನ್ನೊಬ್ಬರ ಹೆಸರಿಗೆ ಹೋದೀತು.

ಆಮೇಲೆ ಆಲ್ಕೊಹಾಲ್ ಮೆಟ್ಟಿಲು. 70 ಪರ್ಸೆಂಟ್, 90, 95, ಕೊನೆಗೆ ಅಪ್ಪಟ ಆಲ್ಕೊಹಾಲ್. ಒಮ್ಮೆಗೇ ಅಪ್ಪಟಕ್ಕೆ ಹಾಕಿದರೆ ಅಂಗಾಂಶ ಕುಗ್ಗಿ ವಿಕಾರವಾಗುತ್ತದೆ, ಅದಕ್ಕೇ ಹಂತಹಂತ. ಆಲ್ಕೊಹಾಲ್ ನೀರಿನ ಜಾಗ ಹಿಡಿಯುತ್ತದೆ. ಆದರೆ ಅದೂ ಮೇಣದೊಂದಿಗೆ ಬೆರೆಯುವುದಿಲ್ಲ.

ಈಗ ಝೈಲೀನ್ ಸರದಿ. ಇದು ಆಲ್ಕೊಹಾಲಿನಲ್ಲೂ ಬೆರೆಯುತ್ತದೆ, ಕರಗಿದ ಮೇಣದಲ್ಲೂ ಬೆರೆಯುತ್ತದೆ. ಆಲ್ಕೊಹಾಲ್ ಹೊರಬಂದಂತೆ ಝೈಲೀನ್ ಒಳಗೆ ಹೋಗುತ್ತದೆ, ಮುಂದೆ 58–60 ಡಿಗ್ರಿಯ ಬಿಸಿ ಮೇಣದಲ್ಲಿ ಝೈಲೀನ್ ಹೊರಬಂದಂತೆ ಮೇಣ ಒಳಗೆ ಹೋಗುತ್ತದೆ. ಇಷ್ಟೇ ಆಗಿದ್ದರೆ ಇದೊಂದು ದಲ್ಲಾಳಿ ಕೆಲಸ. ಆದರೆ ಝೈಲೀನ್ ಹೊಕ್ಕಾಗ ಇನ್ನೊಂದು ನಡೆಯುತ್ತದೆ, ಅದನ್ನು ಕಣ್ಣಾರೆ ನೋಡಬೇಕು. ಸ್ವಯಂಚಾಲಿತ ಪ್ರೊಸೆಸರಿನಲ್ಲಿ ಇದೆಲ್ಲ ರಾತ್ರಿ ಮುಚ್ಚಳದೊಳಗೆ ಮುಗಿದುಹೋಗುತ್ತದೆ. ಕೈಯಲ್ಲೇ ಮಾಡುವ ಸಣ್ಣ ಲ್ಯಾಬೊಂದರಲ್ಲಿ ಗಾಜಿನ ಬೀಕರಿನ ಮುಂದೆ ನಿಂತು ನಾನು ನೋಡಿದ್ದೇನೆ. ಆಲ್ಕೊಹಾಲಿನಿಂದ ಎತ್ತಿದಾಗ ಚೂರು ಬೂದುಬಿಳುಪು, ಬಿರುಸು. ಝೈಲೀನ್‌ನಲ್ಲಿ ಬಿಟ್ಟ ಸ್ವಲ್ಪ ಹೊತ್ತಿಗೆ ಅಂಚುಗಳು ಮೊದಲು ತಿಳಿಯಾದವು. ಒಳಗೆ ಒಂದು ಬಿಳಿ ದ್ವೀಪ ಉಳಿದಿತ್ತು. ಅದು ಎಲ್ಲ ಕಡೆಯಿಂದಲೂ ಕಿರಿದಾಗುತ್ತ ಬಂದು ಕೊನೆಗೆ ಇಲ್ಲವಾಯಿತು. ಬೀಕರನ್ನು ಬೆಳಕಿಗೆ ಹಿಡಿದರೆ ಅದರೊಳಗೆ ಜೇನುಬಣ್ಣದ, ಆಚೆಗಿನದು ಮಸುಕಾಗಿ ತೋರುವ ಬಿಲ್ಲೆ. "ಮಧ್ಯದಲ್ಲಿ ಬಿಳಿ ಉಳಿದರೆ ಇನ್ನೂ ಆಲ್ಕೊಹಾಲ್ ಇದೆ ಅಂತ ಲೆಕ್ಕ, ತೆಗೀಬಾರದು" ಎಂದರು ಅಲ್ಲಿನ ಟೆಕ್ನೀಷಿಯನ್. ಗಡಿಯಾರ ಹೇಳುವುದಕ್ಕಿಂತ ಆ ಬಿಳಿ ಹೇಳುವುದನ್ನು ಅವರು ಹೆಚ್ಚು ನಂಬುತ್ತಿದ್ದರು.

ಮಾಂಸ ಏಕೆ ತಿಳಿಯಾಗುತ್ತದೆ? ಬಿಸಿ ಬೋಂಡ ಕಟ್ಟಿಕೊಟ್ಟ ಕಾಗದವನ್ನು ನೆನಪಿಸಿಕೊಳ್ಳಿ. ಎಣ್ಣೆ ಹಿಡಿದ ಕಡೆ ಕಾಗದದಾಚೆಯ ಬೆಳಕು ಕಾಣುತ್ತದೆ, ಒಣಗಿದ ಕಡೆ ಕಾಣುವುದಿಲ್ಲ. ಕಾಗದದ ನಾರುಗಳ ನಡುವೆ ಇರುವುದು ಗಾಳಿ. ಬೆಳಕು ನಾರಿನಿಂದ ಗಾಳಿಗೆ, ಗಾಳಿಯಿಂದ ನಾರಿಗೆ ಹಾಯುವಾಗ ಪ್ರತಿ ಗಡಿಯಲ್ಲೂ ಬಾಗಿ, ಚದುರಿ, ದಿಕ್ಕು ತಪ್ಪುತ್ತದೆ. ಗಾಳಿಯ ಜಾಗಕ್ಕೆ ಎಣ್ಣೆ ಬಂದರೆ ಎಣ್ಣೆಯೂ ನಾರೂ ಬೆಳಕನ್ನು ಬಾಗಿಸುವ ಬಗೆ ಹೆಚ್ಚುಕಡಿಮೆ ಒಂದೇ ಆಗಿ, ಗಡಿ ಇದ್ದೂ ಇಲ್ಲದಂತಾಗುತ್ತದೆ. ಅಂಗಾಂಶದಲ್ಲಿ ನಡೆಯುವುದೂ ಇದೇ ಭೌತಶಾಸ್ತ್ರ. ಬೆಳಕನ್ನು ಎಷ್ಟು ಬಾಗಿಸುತ್ತದೆಂಬ ಅಳತೆಗೆ ವಕ್ರೀಭವನ ಸೂಚ್ಯಂಕ ಎನ್ನುತ್ತಾರೆ; ನೀರಿನದು 1.33. ನೀರು ತೆಗೆದ ಪ್ರೋಟೀನಿನದು 1.53ರ ಆಸುಪಾಸು. ಇವೆರಡೂ ಒತ್ತೊತ್ತಾಗಿ ಹೆಣೆದುಕೊಂಡಿರುವುದರಿಂದಲೇ ನಮ್ಮ ಮೈ ಗಾಜಿನಂತೆ ಕಾಣದೆ ಮೈಯಂತೆ ಕಾಣುತ್ತದೆ. ಝೈಲೀನ್ ಸೂಚ್ಯಂಕ ಸುಮಾರು 1.50, ಪ್ರೋಟೀನಿಗೆ ಹತ್ತಿರ. ಅದು ಎಲ್ಲ ಸಂದುಗಳನ್ನೂ ತುಂಬಿದಾಗ ಬೆಳಕಿಗೆ ಅಡ್ಡಿ ಹೋಗುತ್ತದೆ.

ಕ್ಲೋರೋಫಾರ್ಮ್ ಕೂಡ ಇದೇ ಕೆಲಸಕ್ಕೆ ಬರುತ್ತದೆ, ಅಂಗಾಂಶಕ್ಕೆ ಝೈಲೀನ್‌ಗಿಂತ ಮೃದು. ಆದರೆ ಅದರ ಸೂಚ್ಯಂಕ 1.45ರಷ್ಟೇ ಇರುವುದರಿಂದ ಚೂರು ಅಷ್ಟು ತಿಳಿಯಾಗುವುದಿಲ್ಲ, ಕೆಲಸ ಮುಗಿಯಿತೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಝೈಲೀನ್ ಗೆದ್ದದ್ದಕ್ಕೆ ಇದೂ ಒಂದು ಕಾರಣ.

ಝೈಲೀನ್ ಒಂದು ಸ್ಲೈಡಿನ ಜೀವನದಲ್ಲಿ ಮೂರು ಸಲ ಬರುತ್ತದೆ. ಮೇಣ ತುಂಬುವ ಮೊದಲು ಒಂದು ಸಲ. ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಸೀಳಿ ಗಾಜಿಗೆ ಅಂಟಿಸಿದ ಮೇಲೆ ಅದೇ ಮೇಣವನ್ನು ಕರಗಿಸಿ ತೆಗೆಯಲು ಇನ್ನೊಂದು ಸಲ, ಏಕೆಂದರೆ ಬಣ್ಣಗಳು ನೀರಿನಲ್ಲಿರುತ್ತವೆ, ಮೇಣವಿದ್ದರೆ ಹತ್ತುವುದಿಲ್ಲ. ಹೆಮಟಾಕ್ಸಿಲಿನ್ ಹಾಕಿ ಕೋಶಕೇಂದ್ರ ನೀಲಿಯಾಗಿಸಿ, ಇಯೋಸಿನ್ ಹಾಕಿ ಉಳಿದದ್ದನ್ನು ಗುಲಾಬಿಯಾಗಿಸಿ, ಮತ್ತೆ ಆಲ್ಕೊಹಾಲಿನಲ್ಲಿ ನೀರು ತೆಗೆದು, ಮೂರನೆಯ ಸಲ ಝೈಲೀನ್. ಕೊನೆಗೆ ಡಿಪಿಎಕ್ಸ್ ಎಂಬ ಅಂಟಿನ ಹನಿ, ಅದರ ಮೇಲೆ ತೆಳುಗಾಜು. ಡಿಪಿಎಕ್ಸ್ ಸೂಚ್ಯಂಕವೂ ಗಾಜಿನಷ್ಟೇ, 1.52. ಗಾಜು, ಅಂಟು, ಅಂಗಾಂಶ, ಮತ್ತೆ ಗಾಜು ಎಲ್ಲ ಬೆಳಕಿಗೆ ಒಂದೇ ಆಗುತ್ತವೆ, ಕಣ್ಣಿಗೆ ಉಳಿಯುವುದು ಬಣ್ಣ ಮಾತ್ರ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಓದುವುದು ಆ ಬಣ್ಣದಲ್ಲಿ.

ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೆ ಇದರ ಕೊನೆಯ ಭಾಗ ನೆನಪಿರಬಹುದು. ಪರ್ಮನೆಂಟ್ ಸ್ಲೈಡ್ ಮಾಡುವಾಗ ಆಲ್ಕೊಹಾಲಿನಿಂದ ತೆಗೆದು ಝೈಲೀನ್‌ಗೆ ಇಳಿಸಿದ ಕ್ಷಣ ಸುತ್ತ ಹಾಲಿನಂಥ ಮೋಡ ಎದ್ದರೆ ಎದೆ ಧಸಕ್ಕೆನ್ನುತ್ತಿತ್ತು. ನೀರು ಪೂರ್ತಿ ಹೋಗಿಲ್ಲ ಎಂಬುದರ ಗುರುತು ಅದು. ನೀರೂ ಝೈಲೀನೂ ಬೆರೆಯದೆ ಸಣ್ಣಸಣ್ಣ ಹನಿಗಳಾಗಿ ತೇಲಿ ಹಾಲಿನಂತಾಗುತ್ತವೆ. ಹಿಂದಕ್ಕೆ ಹೋಗಿ ಮತ್ತೆ ಆಲ್ಕೊಹಾಲಿನಿಂದ ಶುರು ಮಾಡಬೇಕು, ಬೇರೆ ದಾರಿಯಿಲ್ಲ. ಅಪ್ಪಟ ಆಲ್ಕೊಹಾಲ್ ಗಾಳಿಯಿಂದಲೂ ತೇವ ಹೀರುತ್ತದೆ. ಮಂಗಳೂರು, ಉಡುಪಿಯಂಥ ಊರುಗಳ ಜುಲೈ ತಿಂಗಳ ಗಾಳಿಗೆ ಬಾಟಲಿ ತೆರೆದಿಟ್ಟರೆ ಅದು ಅಪ್ಪಟವಾಗಿ ಉಳಿಯುವುದು ಕಷ್ಟ. ಹಳೆಯ ಟೆಕ್ನೀಷಿಯನ್‌ಗಳು ಬಾಟಲಿಯ ತಳದಲ್ಲಿ ನೀರು ತೆಗೆದ ತಾಮ್ರದ ಸಲ್ಫೇಟಿನ ಬಿಳಿ ಪುಡಿ ಹಾಕಿಡುತ್ತಿದ್ದರು. ಅದು ನೀಲಿಗೆ ತಿರುಗಿದರೆ ಆಲ್ಕೊಹಾಲಿಗೆ ನೀರು ಸೇರಿತೆಂದು ಅರ್ಥ. ಇಂಥ ಉಪಾಯಗಳನ್ನು ಪುಸ್ತಕಕ್ಕಿಂತ ಹೆಚ್ಚಾಗಿ ಒಬ್ಬರ ಕೈ ನೋಡಿ ಇನ್ನೊಬ್ಬರು ಕಲಿತಿದ್ದಾರೆ.

ಝೈಲೀನ್‌ನಲ್ಲಿ ಹೊತ್ತು ಕಡಿಮೆಯಾದರೆ ನಡುಭಾಗಕ್ಕೆ ಮೇಣ ಹೋಗುವುದಿಲ್ಲ, ಸೀಳುವಾಗ ಅಲ್ಲಿ ತೂತು ಬೀಳುತ್ತದೆ. ಹೊತ್ತು ಹೆಚ್ಚಾದರೆ ಚೂರು ಕುಗ್ಗಿ ಗಡುಸಾಗಿ ಬ್ಲೇಡಿಗೆ ಪುಡಿಪುಡಿಯಾಗುತ್ತದೆ. ಮೆದುಳು, ಲಿವರ್, ಸೂಜಿಯಲ್ಲಿ ತೆಗೆದ ಸಣ್ಣ ಎಳೆ ಇವು ಬೇಗ ಕೆಡುತ್ತವೆ, ಗರ್ಭಕೋಶದ ಗಟ್ಟಿ ಗಡ್ಡೆ ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ. ಎಲ್ಲಕ್ಕೂ ಒಂದೇ ವೇಳಾಪಟ್ಟಿ ಸಲ್ಲದು. ಕೆಟ್ಟ ಸೆಕ್ಷನ್, ಎಂದರೆ ಸೀಳಿದ ತೆಳುಪದರ, ಕೈಗೆ ಬಂದ ಪ್ಯಾಥಾಲಜಿಸ್ಟ್ ಎಷ್ಟೇ ನುರಿತವರಾದರೂ ಇಲ್ಲದ್ದನ್ನು ಓದಲಾರರು. ನನಗೆ ಈ ಮಾತು ಮುಖ್ಯ. ರೋಗನಿರ್ಣಯದ ಗೌರವ ಸಹಿ ಹಾಕಿದವರಿಗೆ ಸಲ್ಲುತ್ತದೆ, ಸಲ್ಲಲಿ. ಆದರೆ ಅದರ ಅರ್ಧ ನಿರ್ಣಯವಾಗಿರುವುದು ಹಿಂದಿನ ರಾತ್ರಿ ಯಾರೋ ಬದಲಿಸಿದ, ಅಥವಾ ಬದಲಿಸದೇ ಬಿಟ್ಟ, ಝೈಲೀನ್ ಬೀಕರಿನಲ್ಲಿ.

ಈ ವಿದ್ಯೆಗೆ ನೂರೈವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ. ಲಂಡನ್ನಿನ ವೈದ್ಯ ಲಾಕ್‌ಹಾರ್ಟ್ ಕ್ಲಾರ್ಕ್ ಬೆನ್ನುಹುರಿಯ ಒಳರಚನೆ ನೋಡಲು ಹೊರಟಾಗ, 1851ರಲ್ಲಿ, ಅದನ್ನು ಮೊದಲು ಆಲ್ಕೊಹಾಲಿನಲ್ಲಿ, ಆಮೇಲೆ ಟರ್ಪೆಂಟೈನ್‌ನಲ್ಲಿ ಅದ್ದಿ ತಿಳಿಯಾಗಿಸಿ, ಕೆನಡಾ ಬಾಲ್ಸಮ್ ಎಂಬ ಮರದಂಟಿನಲ್ಲಿ ಕೂರಿಸಿದರು. ಇಂದಿನ ಕ್ರಮದ ಬೀಜ ಅಲ್ಲಿದೆ. 1869ರಲ್ಲಿ ಎಡ್ವಿನ್ ಕ್ಲೆಬ್ಸ್ ಪ್ಯಾರಾಫಿನ್ ಮೇಣ ಬಳಸಿದ ಮೇಲೆ ನಡುವಿನ ದ್ರವಕ್ಕೆ ಹುಡುಕಾಟ ಜೋರಾಯಿತು. ಲವಂಗದೆಣ್ಣೆ, ಸೀಡರ್ ಮರದ ಎಣ್ಣೆ, ಕ್ಲೋರೋಫಾರ್ಮ್, ಬೆಂಜೀನ್, ಟಾಲ್ವೀನ್ ಎಲ್ಲವನ್ನೂ ಬಳಸಿದರು. ಲವಂಗದೆಣ್ಣೆ ಬೇಗ ಕೆಲಸ ಮಾಡುತ್ತದೆ, ಆದರೆ ಅಂಗಾಂಶವನ್ನು ಗಡುಸು ಮಾಡುತ್ತದೆ. ಸೀಡರ್ ಎಣ್ಣೆ ಅತ್ಯಂತ ಮೃದು, ದಿನಗಟ್ಟಲೆ ಬಿಟ್ಟರೂ ಚೂರು ಕೆಡುವುದಿಲ್ಲ. ಅದರ ಸೂಚ್ಯಂಕ ಗಾಜಿನದೇ ಆದ್ದರಿಂದ ಸೂಕ್ಷ್ಮದರ್ಶಕದ ಆಯಿಲ್ ಇಮ್ಮರ್ಷನ್ ಲೆನ್ಸಿಗೂ ಬಹುಕಾಲ ಅದೇ ಎಣ್ಣೆ. ದುಬಾರಿ, ನಿಧಾನ ಎಂಬ ಎರಡು ಕಾರಣಕ್ಕೆ ಅದು ದಿನನಿತ್ಯದ ಕೆಲಸದಿಂದ ಹಿಂದೆ ಸರಿಯಿತು. ಬೆಂಜೀನ್ ಹಿಂದೆ ಸರಿದ ಕಾರಣ ಬೇರೆ. ಅದು ಅಸ್ಥಿಮಜ್ಜೆಯನ್ನು ಕೆಡಿಸಿ ರಕ್ತದ ಕ್ಯಾನ್ಸರ್ ತರುತ್ತದೆಂದು ಸಾಬೀತಾಯಿತು. ರೋಗ ಪತ್ತೆ ಹಚ್ಚುವವರಿಗೇ ರೋಗ ಹತ್ತಿಸುವ ದ್ರವವನ್ನು ಲ್ಯಾಬು ಅಷ್ಟು ಕಾಲ ಇಟ್ಟುಕೊಂಡಿತ್ತು ಎಂಬುದನ್ನು ಮರೆಯಬಾರದು.

ಲೈಪ್‌ಜಿಗ್‌ನ ಅಂಗರಚನಾಶಾಸ್ತ್ರಜ್ಞ ವರ್ನರ್ ಸ್ಪಾಲ್ಟೆಹೋಲ್ಜ್ ಹಿಡಿದ ದಾರಿ ಬೇರೆ. ಸೀಳದೆ, ಇಡೀ ಅಂಗವನ್ನೇ ಪಾರದರ್ಶಕ ಮಾಡಲು ಬರುವುದೇ ಎಂದು ಅವರು ಕೇಳಿಕೊಂಡರು. ನೋವಿನ ಮುಲಾಮುಗಳಲ್ಲಿ ಘಮ್ಮೆನ್ನುವ ವಿಂಟರ್‌ಗ್ರೀನ್ ಎಣ್ಣೆ, ಎಂದರೆ ಮೀಥೈಲ್ ಸ್ಯಾಲಿಸಿಲೇಟ್, ಅದರೊಂದಿಗೆ ಬೆಂಜೈಲ್ ಬೆಂಜೊಯೇಟ್. ಇವೆರಡನ್ನೂ ಅಂಗಾಂಶಕ್ಕೆ ಸರಿಹೊಂದುವ ಪ್ರಮಾಣದಲ್ಲಿ ಬೆರೆಸಿ ಮನುಷ್ಯರ ಹೃದಯವನ್ನು ಅದರಲ್ಲಿ ಮುಳುಗಿಸಿದರು. ಸ್ನಾಯು ಕಾಣದಾಗಿ, ಬಣ್ಣ ತುಂಬಿದ ರಕ್ತನಾಳಗಳು ಮಾತ್ರ ಬಳ್ಳಿಬಳ್ಳಿಯಾಗಿ ಉಳಿದವು. 1911ರಲ್ಲಿ ಅವರು ಈ ವಿಧಾನದ ಪುಸ್ತಕ ಬರೆದರು. ಅದೇ ವರ್ಷ ಡ್ರೆಸ್ಡೆನ್‌ನ ಆರೋಗ್ಯ ಪ್ರದರ್ಶನದಲ್ಲಿ ಜನ ಈ ಅಂಗಗಳನ್ನು ನೋಡಿದರು.

ಆ ವಿದ್ಯೆ ಸುಮಾರು ಒಂದು ಶತಮಾನ ಮೂಲೆಯಲ್ಲೇ ಇತ್ತು. ಒಳಗೆ ಹೊಳೆಯುವ ಕೋಶಗಳನ್ನು ಹೊರಗಿನಿಂದ ಬೆಳಕಿನ ಹಾಳೆ ಹಾಯಿಸಿ ನೋಡುವ ಸೂಕ್ಷ್ಮದರ್ಶಕ ಕೈಗೆ ಬಂದ ಮೇಲೆ, 2007ರಲ್ಲಿ ಹಾನ್ಸ್ ಉಲ್ರಿಚ್ ಡಾಟ್ ಮತ್ತು ಸಂಗಡಿಗರು ಅದೇ ಬೆಂಜೈಲ್ ಬೆಂಜೊಯೇಟನ್ನು ಬೆಂಜೈಲ್ ಆಲ್ಕೊಹಾಲಿನೊಂದಿಗೆ ಬಳಸಿ ಇಲಿಯ ಇಡೀ ಮೆದುಳನ್ನು ಸೀಳದೆ ನೋಡಿದರು. ಅಲ್ಲಿಂದ ಮುಂದೆ ಹೊಳೆ ಕಟ್ಟೆಯೊಡೆಯಿತು. ಜಪಾನಿನ ರಿಕೆನ್ ಸಂಸ್ಥೆ 2011ರಲ್ಲಿ ಯೂರಿಯಾ ದ್ರಾವಣದಿಂದ ಮೆದುಳನ್ನು ತಿಳಿಯಾಗಿಸಿತು. 2013ರಲ್ಲಿ ಸ್ಟ್ಯಾನ್‌ಫರ್ಡ್‌ನ ಕಾರ್ಲ್ ಡೈಸರಾತ್ ಮತ್ತು ಕ್ವಾಂಘುನ್ ಚುಂಗ್ ತಂಡ ಮೆದುಳಿಗೆ ಜೆಲ್ ತುಂಬಿ, ಸಾಬೂನಿನ ಗುಣದ ರಾಸಾಯನಿಕದಿಂದ ಅದರ ಕೊಬ್ಬನ್ನೆಲ್ಲ ತೊಳೆದುಹಾಕಿತು. ಕ್ಲಾರಿಟಿ ಎಂದು ಹೆಸರಾದ ವಿಧಾನ ಅದು. ಮೆದುಳು ಬೆಳಕನ್ನು ಚದುರಿಸುವುದಕ್ಕೆ ಮುಖ್ಯ ಕಾರಣ ಅದರ ಕೊಬ್ಬು, ಅದು ಹೋದರೆ ಉಳಿದದ್ದು ಗಾಜು.

2024ರ ಸೆಪ್ಟೆಂಬರಿನಲ್ಲಿ ಬಂದ ಸುದ್ದಿ ಇನ್ನೂ ಬೆರಗಿನದು. ನಮ್ಮ ಅಂಗಡಿಗಳ ಕುರುಕಲು ತಿಂಡಿಗೆ ಹಳದಿ ಬಣ್ಣ ಕೊಡುವ ಟಾರ್ಟ್ರಜೈನ್ ದ್ರಾವಣವನ್ನು ಜೀವಂತ ಇಲಿಯ ಹೊಟ್ಟೆಯ ಚರ್ಮಕ್ಕೆ ತಿಕ್ಕಿದಾಗ ಚರ್ಮ ತಿಳಿಯಾಗಿ ಒಳಗಿನ ಕರುಳಿನ ಚಲನೆ ಕಂಡಿತು. ತೊಳೆದರೆ ಚರ್ಮ ಮೊದಲಿನಂತಾಯಿತು. ಆ ಬಣ್ಣ ನೀಲಿ ಬೆಳಕನ್ನು ಹೀರಿಕೊಳ್ಳುವ ಗುಣದಿಂದಲೇ, ಕೆಂಪು ಬೆಳಕಿನ ಪಾಲಿಗೆ ನೀರಿನ ಸೂಚ್ಯಂಕವನ್ನು ಏರಿಸುತ್ತದೆ. ಆಗ ನೀರೂ ಕೊಬ್ಬೂ ಪ್ರೋಟೀನೂ ಹತ್ತಿರ ಬರುತ್ತವೆ. ಸ್ಪಾಲ್ಟೆಹೋಲ್ಜ್ ಸತ್ತ ಹೃದಯದಲ್ಲಿ ಮಾಡಿದ್ದನ್ನು ಬದುಕಿರುವ ಚರ್ಮದಲ್ಲಿ ಮಾಡಿದ ಹಾಗಾಯಿತು. ಮನುಷ್ಯರ ಚರ್ಮ ಇಲಿಯದಕ್ಕಿಂತ ಬಹಳ ದಪ್ಪ. ಆ ಪ್ರಯೋಗ ಮನುಷ್ಯರ ಮೇಲೆ ನಡೆದದ್ದಲ್ಲ, ಯಾರೂ ಮನೆಯಲ್ಲಿ ಮಾಡಿನೋಡುವಂಥದ್ದೂ ಅಲ್ಲ.

ಇಷ್ಟೆಲ್ಲ ಆದರೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಾಗಲಿ, ಜಿಲ್ಲಾ ಆಸ್ಪತ್ರೆಯಲ್ಲಾಗಲಿ ರೋಗಿಯ ಭವಿಷ್ಯ ನಿಂತಿರುವುದು ಮೇಣದ ಬ್ಲಾಕ್ ಮತ್ತು ಗುಲಾಬಿ–ನೀಲಿ ಸ್ಲೈಡಿನ ಮೇಲೆಯೇ. ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಬ್ಯಾಂಕ್ ಇದೆ, ಅಲ್ಲಿನ ಮೆದುಳು ಮ್ಯೂಸಿಯಮ್ಮಿನಲ್ಲಿ ಸಾರ್ವಜನಿಕರೂ ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಹಿಡಿದು ನೋಡಿದವರಿಗೆ ತಿಳಿಯುತ್ತದೆ, ಅದೆಷ್ಟು ಮಸುಕು, ಎಷ್ಟು ಮುಚ್ಚಿಕೊಂಡ ವಸ್ತು ಎಂದು. ಅದರ ಒಂದು ಬಿಲ್ಲೆಯೊಳಗಿನ ರೋಗವನ್ನು ಓದಬೇಕಾದರೆ ಅದು ಆಲ್ಕೊಹಾಲ್, ಝೈಲೀನ್, ಮೇಣ ಎಂಬ ಹಳೆಯ ದಾರಿಯಲ್ಲೇ ನಡೆದು ಬರಬೇಕು.

ಆ ದಾರಿಯಲ್ಲಿ ದಿನವೂ ನಿಂತಿರುವವರ ಮಾತಿಗೆ ಬರುತ್ತೇನೆ. ಅಂಗಾಂಶ ಪರೀಕ್ಷಿಸುವ ಹಿಸ್ಟೊಪ್ಯಾಥಾಲಜಿ ಲ್ಯಾಬಿನ ಬಾಗಿಲು ತೆರೆದರೆ ಮೊದಲು ಮೂಗಿಗೆ ಬಡಿಯುವುದು ಫಾರ್ಮಲಿನ್‌ನ ಘಾಟು, ಅದರ ಹಿಂದೆಯೇ ಪೇಂಟಿನ ಅಂಗಡಿಯಂಥ ಸಿಹಿಮಿಶ್ರಿತ ಝೈಲೀನ್ ವಾಸನೆ. ಹೊಸಬರಿಗೆ ಅರ್ಧ ಗಂಟೆಯಲ್ಲಿ ತಲೆ ಭಾರ. ಹಳಬರು "ನಮಗೆ ವಾಸನೆ ಗೊತ್ತೇ ಆಗಲ್ಲ" ಎನ್ನುತ್ತಾರೆ. ಗೊತ್ತಾಗದಿರುವುದು ಮೂಗು ಒಗ್ಗಿದ್ದರಿಂದ, ಆವಿ ಇಲ್ಲದ್ದರಿಂದ ಅಲ್ಲ. ಝೈಲೀನ್ ಕ್ಯಾನ್ಸರ್‌ಕಾರಕ ಎನ್ನಲು ಸಾಕಷ್ಟು ಸಾಕ್ಷ್ಯ ಸಿಕ್ಕಿಲ್ಲ, ಈ ವಿಷಯದಲ್ಲಿ ಅದು ಬೆಂಜೀನ್‌ಗಿಂತ ಎಷ್ಟೋ ವಾಸಿ. ಆದರೆ ತಲೆನೋವು, ತಲೆಸುತ್ತು, ಕಣ್ಣುರಿ, ವಾಕರಿಕೆ, ಏಕಾಗ್ರತೆ ಕೆಡುವುದು, ಚರ್ಮದ ಜಿಡ್ಡನ್ನೆಲ್ಲ ತೆಗೆದು ಬಿರುಕು ಬಿಡಿಸುವುದು, ಇವೆಲ್ಲ ಅದರಿಂದ ಆಗುತ್ತವೆ. ಒಳಗೆ ಹೋದ ಝೈಲೀನನ್ನು ದೇಹ ಮೀಥೈಲ್ ಹಿಪ್ಯೂರಿಕ್ ಆಮ್ಲವಾಗಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಪಾಳಿ ಮುಗಿದ ಮೇಲೆ ಮೂತ್ರ ಪರೀಕ್ಷಿಸಿದರೆ ಎಷ್ಟು ಉಸಿರಾಡಿದ್ದಾರೆಂದು ಅಳೆಯಲು ಬರುತ್ತದೆ. ಅಳೆಯಿಸಿಕೊಂಡ ಟೆಕ್ನೀಷಿಯನ್ ಒಬ್ಬರನ್ನೂ ನಾನು ಇನ್ನೂ ಕಂಡಿಲ್ಲ.

ಎಂಟು ಗಂಟೆಯ ಪಾಳಿಗೆ ಗಾಳಿಯಲ್ಲಿ ಝೈಲೀನ್ ಸರಾಸರಿ 100 ಪಿಪಿಎಂ ಮೀರಬಾರದು ಎಂಬುದು ಅಮೆರಿಕದ ಮಿತಿ. ನಮ್ಮ ಹಳೆಯ ಕಾರ್ಖಾನೆ ಕಾಯ್ದೆಯ ಅನುಸೂಚಿಯಲ್ಲೂ ಇದೇ ಅಂಕಿ ಇತ್ತು. ಕಾಗದದ ಮೇಲೆ ಅಂಕಿ ಇದ್ದರೆ ಸಾಲದು. ಆಸ್ಪತ್ರೆ ಕಟ್ಟುವಾಗ ಲಾಬಿಗೆ ಗ್ರಾನೈಟ್ ಹಾಸುತ್ತಾರೆ, ಹಿಸ್ಟೊಪ್ಯಾಥಾಲಜಿಗೆ ಉಳಿದ ಮೂಲೆಯನ್ನು ಕೊಡುತ್ತಾರೆ. ಕಿಟಕಿಯಿಲ್ಲದ, ಎಸಿ ಹಾಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮುಚ್ಚಳವಿಲ್ಲದ ಝೈಲೀನ್ ಜಾಡಿಗಳ ಸಾಲಿನ ಮುಂದೆ ಬಾಗಿ ಕೆಲಸ ಮಾಡುವವರನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಝೈಲೀನ್ ಆವಿ ಗಾಳಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಭಾರ. ಚಾವಣಿಯ ಹತ್ತಿರ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಕೆಲಸವಾಯಿತು ಎಂದುಕೊಳ್ಳುವವರು ಇದನ್ನು ಗಮನಿಸಬೇಕು. ಜಾಡಿ ಇರುವ ಮೇಜಿನ ಮಟ್ಟದಲ್ಲೇ, ಮುಖಕ್ಕೆ ಬರುವ ಮೊದಲೇ ಆವಿಯನ್ನು ಹೀರಬೇಕು. ಸಾಮಾನ್ಯ ಲೇಟೆಕ್ಸ್ ಕೈಗವಸನ್ನು ಝೈಲೀನ್ ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಕೈ ರಕ್ಷಣೆಯಾಯಿತು ಎಂಬ ಭ್ರಮೆ ಮಾತ್ರ ಉಳಿಯುತ್ತದೆ.

ಬೆಂಕಿಯ ಭಯವೂ ಸಣ್ಣದಲ್ಲ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಝೈಲೀನ್ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಕಲಬುರಗಿ, ರಾಯಚೂರುಗಳ ಬೇಸಿಗೆ 40 ದಾಟುತ್ತದೆ. ಅಲ್ಲಿ ಕರೆಂಟು ಹೋಗಿ ಎಸಿ ನಿಂತ ಮಧ್ಯಾಹ್ನವನ್ನು ಊಹಿಸಿಕೊಳ್ಳಿ. ಬಳಸಿದ ಝೈಲೀನನ್ನು ಸಿಂಕಿಗೆ ಸುರಿಯುವುದಂತೂ ಅಪರಾಧವೇ ಸರಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಇಂಥ ರಾಸಾಯನಿಕ ದ್ರವಗಳನ್ನು ಬೇರೆಯಾಗಿ ಸಂಗ್ರಹಿಸಬೇಕೆನ್ನುತ್ತವೆ. ಬಟ್ಟಿ ಇಳಿಸಿ ಮತ್ತೆ ಬಳಸುವ ಯಂತ್ರಗಳೂ ಇವೆ.

ಬದಲಿ ಇಲ್ಲವೇ? ಇದೆ. ಕಿತ್ತಳೆ ಸಿಪ್ಪೆಯಿಂದ ಬರುವ ಲಿಮೊನೀನ್ ಒಂದು. ಅದರ ಘಾಟು ಕೆಲವರಿಗೆ ಆಗುವುದಿಲ್ಲ, ಚರ್ಮಕ್ಕೆ ಅಲರ್ಜಿಯೂ ಆಗುತ್ತದೆ. ಪೆಟ್ರೋಲಿಯಂ ಮೂಲದ, ವಾಸನೆ ಕಡಿಮೆಯ ದ್ರವಗಳು ಮಾರುಕಟ್ಟೆಯಲ್ಲಿವೆ, ಬೆಲೆ ಹೆಚ್ಚು. 1992ರಲ್ಲೇ ಅಡುಗೆಯ ಸಸ್ಯಜನ್ಯ ಎಣ್ಣೆಗಳನ್ನು ಝೈಲೀನ್ ಬದಲು ಬಳಸಿದ ಅಧ್ಯಯನ ಪ್ರಕಟವಾಯಿತು. ಭಾರತದ ದಂತ ವೈದ್ಯಕೀಯ ಕಾಲೇಜುಗಳ ಓರಲ್ ಪ್ಯಾಥಾಲಜಿ ವಿಭಾಗಗಳು ಇದನ್ನು ಗಂಭೀರವಾಗಿ ತೆಗೆದುಕೊಂಡವು. ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಹೆಚ್ಚಿರುವ ನಾಡಿನಲ್ಲಿ ಬಾಯಿಯ ಬಯಾಪ್ಸಿಗಳು ಅವರ ಮೇಜಿಗೆ ಬರುತ್ತಲೇ ಇರುತ್ತವೆ. ಅವರು ತೆಂಗಿನೆಣ್ಣೆಯನ್ನು ಪ್ರಯತ್ನಿಸಿದರು. ಕೋಶಗಳ ವಿವರ, ಬಣ್ಣ ಹಿಡಿಯುವುದು ಝೈಲೀನ್‌ನಷ್ಟೇ ಚೆನ್ನಾಗಿದ್ದು, ಅಂಗಾಂಶ ಕುಗ್ಗುವುದು ಕಡಿಮೆ ಎಂದು ಕಂಡರು. ಮೇಣ ತೆಗೆಯುವ ಹಂತಕ್ಕೆ ಪಾತ್ರೆ ತೊಳೆಯುವ ದ್ರವದ ಬಿಸಿ ದ್ರಾವಣವನ್ನೂ ಪರೀಕ್ಷಿಸಿದರು. ತೆಂಗಿನೆಣ್ಣೆಗೆ ತನ್ನದೇ ತೊಡಕಿದೆ. ಅದು ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ, ಬೆಂಗಳೂರಿನ ಡಿಸೆಂಬರಿನಲ್ಲಿ ಇನ್‌ಕ್ಯುಬೇಟರ್ ಬೇಕೇ ಬೇಕು. ಹೆಚ್ಚು ಹೊತ್ತೂ ಹಿಡಿಯುತ್ತದೆ. ಆದರೂ ಸಣ್ಣ ಊರಿನ ಲ್ಯಾಬಿಗೆ ಇದು ತಳ್ಳಿಹಾಕುವ ಮಾತಲ್ಲ.

ನನ್ನ ಅಭಿಪ್ರಾಯ ಇಷ್ಟು. ಝೈಲೀನ್ ನಾಳೆಯೇ ಹೋಗುವುದಿಲ್ಲ. ಅಗ್ಗ, ವೇಗ, ನಂಬಿಕೆ ಮೂರೂ ಅದರ ಕಡೆಗಿವೆ. ರೋಗಿಯ ಚೂರನ್ನು ಪರೀಕ್ಷಿಸದ ದ್ರವಕ್ಕೆ ಒಡ್ಡಬಾರದೆಂಬ ಪ್ಯಾಥಾಲಜಿಸ್ಟರ ಎಚ್ಚರಿಕೆಯೂ ನ್ಯಾಯವಾದದ್ದೇ. ಆದರೆ ಮುಚ್ಚಿದ ಪ್ರೊಸೆಸರ್, ಮೇಜಿನ ಮಟ್ಟದ ಹೀರುವ ವ್ಯವಸ್ಥೆ, ಜಾಡಿಗೆ ಮುಚ್ಚಳ, ಸರಿಯಾದ ಕೈಗವಸು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಇವಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ಬೇಕಿರುವುದು ಆಸ್ಪತ್ರೆ ನಡೆಸುವವರ ಮನಸ್ಸು ಮತ್ತು ಸ್ವಲ್ಪ ಹಣ. ಲಕ್ಷಗಟ್ಟಲೆ ಬೆಲೆಯ ಸ್ಕ್ಯಾನರ್ ಉದ್ಘಾಟಿಸುವಾಗ ಈ ಕೋಣೆಗೂ ಒಮ್ಮೆ ಕಾಲಿಟ್ಟು ಐದು ನಿಮಿಷ ಉಸಿರಾಡಿ ನೋಡಲಿ.

ಓದುಗರಿಗೂ ಒಂದೆರಡು ಮಾತು. ನಮ್ಮಲ್ಲಿ ಎಷ್ಟೋ ಸಲ ಬಯಾಪ್ಸಿ ಡಬ್ಬಿಯನ್ನು ಲ್ಯಾಬಿಗೆ ಒಯ್ಯುವವರು ರೋಗಿಯ ಕಡೆಯವರೇ. ಡಬ್ಬಿಯಲ್ಲಿರುವುದು ಫಾರ್ಮಲಿನ್ ಹೌದೋ ಎಂದು ಕೇಳಿ. ಸಾಮಾನ್ಯ ಬಯಾಪ್ಸಿಯನ್ನು ಸಲೈನ್ ಅಥವಾ ನೀರಿನಲ್ಲಿಟ್ಟರೆ ಚೂರು ಕೊಳೆಯತೊಡಗುತ್ತದೆ, ಆಮೇಲೆ ಯಾವ ಝೈಲೀನೂ ಅದನ್ನು ಉಳಿಸಲಾರದು. ಕೆಲವು ವಿಶೇಷ ಪರೀಕ್ಷೆಗಳಿಗೆ ಮಾತ್ರ ಬೇರೆ ದ್ರವ ಬೇಕಾಗುತ್ತದೆ, ಅದನ್ನು ವೈದ್ಯರೇ ಹೇಳುತ್ತಾರೆ. ಚೂರಿನ ಹತ್ತು ಪಟ್ಟು ಫಾರ್ಮಲಿನ್ ಇರಬೇಕು, ಡಬ್ಬಿಯ ಮೇಲೆ ಹೆಸರು ಮತ್ತು ನಂಬರ್ ಇರಬೇಕು. "ಇವತ್ತೇ ರಿಪೋರ್ಟ್ ಕೊಡಿ" ಎಂದು ಕೌಂಟರಿನಲ್ಲಿ ಜಗಳವಾಡಬೇಡಿ. ಅವಸರ ಮಾಡಿದ ಚೂರಿನ ಮಧ್ಯದಲ್ಲಿ ಬಿಳಿ ಉಳಿಯುತ್ತದೆ. ರಿಪೋರ್ಟಿನ ಬಗ್ಗೆ ಅನುಮಾನವಿದ್ದು ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕೆನಿಸಿದರೆ ಮತ್ತೆ ಮಾಂಸ ತೆಗೆಸುವ ಮೊದಲು ಬ್ಲಾಕ್ ಮತ್ತು ಸ್ಲೈಡ್ ಕೇಳಿ ಪಡೆಯಿರಿ; ಮೇಣದೊಳಗಿನ ಅಂಗಾಂಶ ವರ್ಷಗಟ್ಟಲೆ ಕೆಡದೆ ಇರುತ್ತದೆ, ಅದರಿಂದ ಹೊಸ ಸೆಕ್ಷನ್ ತೆಗೆಯಲು ಬರುತ್ತದೆ. ಬ್ಲಾಕ್ ಒಯ್ಯುವಾಗ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ.